ಹಕ್ಕಿ ಓಡಿಸಿದ ಕಂಠ

ಕೆಲವರ ಕಾಲಿಗೆ ಮುಳ್ಳು ಹುಡುಕ್ಕೊಂಡು ಬಂದು ಚುಚ್ಚುತ್ತಲ್ಲ, ಹಾಗೆ ಇಂಥ ಪ್ರಸಂಗಗಳು ನನ್ನನ್ನೇ ಹುಡುಕ್ಕೊಂಡು ಬರ್ತವೆ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ನಂದಿಯಿಂದ ಚಿಂತಾಮಣಿವರೆಗೆ ನನ್ನಂಥ ಕಂಠ ಇನ್ನೊಂದಿರಲಿಲ್ಲ. ಇದನ್ನ ನಾನೇ ಹೇಳಬೇಕು, ಯಾಕಂದ್ರೆ ಬೇರೆ ಯಾರೂ ಹೇಳಲಿಲ್ಲ. ಬದುಕಿನಲ್ಲಿ ನನಗಿದ್ದದ್ದು ಒಂದೇ ಆಸೆ: ಜನರ ಎದುರು ಕೂತು ಒಂದು ದೇವರ ಪದ ಹಾಡಬೇಕು. ಅರ್ಧ ಅಲ್ಲ, ಪೂರ್ತಿ.

ಗಿಳಿಗಳ ಗುಳೆ

ನಂದಿ ಹತ್ತಿರ ಒಬ್ಬ ಸಾಹುಕಾರನ ದ್ರಾಕ್ಷಿ ತೋಟದಲ್ಲಿ ಹಕ್ಕಿ ಕಾಯೋ ಕೆಲಸಕ್ಕೆ ಸೇರಿದೆ. ಹಣ್ಣಿಗೆ ಬಣ್ಣ ತಿರುಗೋ ಕಾಲಕ್ಕೆ ಗಿಳಿ, ಗೊರವಂಕ ಮೋಡದ ಹಾಗೆ ಬಂದು ಇಳೀತವೆ. ಬೇರೆ ತೋಟದವರು ತಗಡಿನ ಡಬ್ಬ ಬಡೀತಿದ್ರು, ಕವಣೆ ಬೀಸ್ತಿದ್ರು. ನಾನು ಬೇಜಾರು ಕಳೆಯೋಕೆ ಅಟ್ಟಣೆ ಹತ್ತಿ ಒಂದು ಪದ ಎತ್ತಿದೆ. ಮೊದಲ ಸಾಲು ಮುಗಿಯೋ ಹೊತ್ತಿಗೆ ತೋಟದಲ್ಲಿ ಒಂದು ರೆಕ್ಕೆ ಇಲ್ಲ. ಎರಡನೇ ಸಾಲಿಗೆ ಪಕ್ಕದ ತೋಟವೂ ಖಾಲಿ. ಆ ಗಿಳಿಗಳು ಪೆರೇಸಂದ್ರ ದಾಟಿ, ಬಾಗೇಪಲ್ಲಿ ದಾಟಿ, ಆಂಧ್ರದಲ್ಲಿ ಹೋಗಿ ಕೂತವು. ಮರುವರ್ಷ ಒಂದು ಗಿಳಿ ವಾಪಸ್ ಬಂದು, ದೂರದ ಮರದಿಂದಲೇ "ಬಾಗುನ್ನಾರಾ?" ಅಂತ ತೆಲುಗಲ್ಲಿ ಕ್ಷೇಮ ವಿಚಾರಿಸ್ತು. ನಂಬದಿದ್ರೆ ಗಿಳೀನೇ ಕೇಳಿ.

ಸಾಹುಕಾರ ಓಡಿ ಬಂದ. "ಲೋ, ಏನೋ ಅದು?"

"ಹಾಡು ಸ್ವಾಮಿ. ಇನ್ನೂ ಚರಣ ಇದೆ."

"ಚರಣ ಬೇಡ ಕಣೋ, ಪಲ್ಲವಿಗೇ ನನ್ನ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತಿದೆ. ಹಕ್ಕಿ ಬಂದಾಗ ಮಾತ್ರ ಹಾಡು. ನಾಳೆಯಿಂದ ಡಬ್ಬ ಮುಟ್ಟಬೇಡ."

ಅಲ್ಲೇ ಜೀವನ ಸವೀತು. ಕೇಳೋರು ಬರಲಿ ಅಂತ ಹಾಡೋರು ಊರೂರಲ್ಲೂ ಇದ್ದಾರೆ. ಕೇಳೋರು ಎದ್ದು ಹೋಗಲಿ ಅಂತ ಕೂಲಿ ಕೊಟ್ಟು ಹಾಡಿಸಿದ್ದು ನನ್ನೊಬ್ಬನನ್ನೇ.

ಚಪ್ಪಲಿ ಕಾವಲು

ನಮ್ಮೂರ ಗುಡಿಯಲ್ಲಿ ಶನಿವಾರ ಭಜನೆ. ಹಾರ್ಮೋನಿಯಂ ಮೇಷ್ಟ್ರು ಅದಕ್ಕೆ ಯಜಮಾನರು. ನನಗೂ ಜಾಗ ಕೊಡಿ ಅಂತ ಹೋಗಿ ನಿಂತೆ.

"ಎಲ್ಲಿ, ಒಂದು ಸ್ವರ ತೆಗಿಯಪ್ಪ," ಅಂದ್ರು.

ತೆಗೆದೆ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಒಂದು ಮನೆ ಒತ್ತಿದ್ರು, ಪಕ್ಕದ್ದು ಒತ್ತಿದ್ರು, ಬಿಳೀದು, ಕರೀದು, ಈ ತುದಿಯಿಂದ ಆ ತುದಿವರೆಗೆ ಎಲ್ಲ ಒತ್ತಿದ್ರು. ಕೊನೆಗೆ ಪೆಟ್ಟಿಗೆ ಮುಚ್ಚಿ, ಬೆವರು ಒರೆಸ್ಕೊಂಡು, "ನಿನ್ನ ಶ್ರುತಿ ಇದರಲ್ಲಿಲ್ಲಪ್ಪ," ಅಂದ್ರು.

"ಹಾಗಾದ್ರೆ ದೊಡ್ಡ ಪೆಟ್ಟಿಗೆ ತರಿಸಿ ಮೇಷ್ಟ್ರೇ," ಅಂದೆ.

ತರಿಸಲಿಲ್ಲ. ಬಡವನ ಮನಸ್ಸು ನೋಯಬಾರದು ಅಂತ ಬಾಗಿಲಾಚೆ ಕೂರಿಸಿ ಚಪ್ಪಲಿ ಕಾಯೋ ಜವಾಬ್ದಾರಿ ಕೊಟ್ರು. ಒಳಗೆ ಅವರು ಹಾಡೋರು, ಹೊರಗೆ ನಾನು ಸಣ್ಣಗೆ ದನಿಗೂಡಿಸ್ತಿದ್ದೆ. ಮೇಷ್ಟ್ರು ಬದುಕಿರೋವರೆಗೂ ಆ ಗುಡಿ ಮುಂದೆ ಒಂದು ಚಪ್ಪಲಿ ಕಳುವಾಗಲಿಲ್ಲ. ಕಳ್ಳ ಇರಲಿ, ಬೀದಿ ನಾಯಿಗಳೂ ಶನಿವಾರ ಬಂತು ಅಂದ್ರೆ ಪಕ್ಕದೂರಿಗೆ ಹೋಗಿಬಿಡ್ತಿದ್ವು.

ಹತ್ತು ಗಂಟೆಯ ಊಟ

ಆಮೇಲೆ ತೋಟಗಳಿಗೆಲ್ಲ ಬಲೆ ಬಂತು. ಸಾಹುಕಾರನೂ ಬಲೆ ಹೊದಿಸಿ, "ಇದು ತಿಂಡಿ ಕೇಳಲ್ಲ ಕಣೋ," ಅಂತ ನನ್ನನ್ನ ಮನೆಗೆ ಕಳಿಸಿದ. ಹಾಡೋಕೆ ಇದ್ದ ಅಟ್ಟಣೆಯೂ ಹೋಯ್ತು.

ಆಗ ಚಿಕ್ಕಬಳ್ಳಾಪುರದಲ್ಲಿ ಯಾರೋ ದೊಡ್ಡ ಸಭೆ ಮಾಡಿದ್ರು. ಬದುಕೋದು ಹೇಗೆ ಅಂತ ಹೇಳಿಕೊಡ್ತಾರಂತೆ, ಊಟ ಪುಕ್ಕಟೆ. ಹೋದೆ. ಕಿವಿಗೆ ಮೈಕು ಸಿಗಿಸ್ಕೊಂಡ ಒಬ್ಬ ಹುಡುಗ, ನನ್ನ ಮೊಮ್ಮಗನ ವಯಸ್ಸು, ವೇದಿಕೆ ಮೇಲೆ ಅತ್ತಿತ್ತ ಓಡಾಡ್ತಾ ಕೇಳ್ದ: "ನಿಮ್ಮ ಪ್ಯಾಷನ್ ಏನು? ನಿಮ್ಮ ಪರ್ಪಸ್ ಏನು? ಜೀವ ಯಾವುದಕ್ಕೆ ತುಡಿಯುತ್ತೆ, ನೀವು ಯಾತಕ್ಕೆ ಹುಟ್ಟಿದ್ದೀರಿ? ಎರಡೂ ಒಂದಾದ್ರೆ ಬದುಕು ಸ್ವರ್ಗ!"

ನಾನು ಎದ್ದು ನಿಂತೆ. "ನನಗೆ ಒಂದಾಗಿದೆ ಸ್ವಾಮಿ. ಜೀವ ತುಡಿಯೋದು ಹಾಡೋಕೆ. ಹುಟ್ಟಿದ್ದು ಹಕ್ಕಿ ಓಡಿಸೋಕೆ. ಎರಡೂ ಒಂದೇ ಬಾಯಲ್ಲಿ ನಡೀತು. ಸ್ವರ್ಗ ಮಾತ್ರ ಯಾವ ಕಡೆ ಅಂತ ಗೊತ್ತಾಗಲಿಲ್ಲ."

"ಸೂಪರ್ ತಾತ! ಎಲ್ಲರೂ ಚಪ್ಪಾಳೆ! ಬನ್ನಿ ಮೇಲೆ, ಒಂದು ಹಾಡು ಹಾಡಿ!"

ಹತ್ತಿದೆ. ಕಣ್ಣು ಮುಚ್ಕೊಂಡು ಎತ್ತಿದೆ. ಪಲ್ಲವಿ ಆಯ್ತು, ಒಂದು ಚರಣ ಆಯ್ತು. ಎರಡನೇದಕ್ಕೆ ಉಸಿರು ಎಳ್ಕೊಳ್ಳೋ ಅಷ್ಟರಲ್ಲಿ ಆ ಹುಡುಗ ಮೈಕಿನಲ್ಲಿ ಕೂಗಿದ: "ಈಗ ಊಟದ ವಿರಾಮ!"

ಕಣ್ಣು ಬಿಟ್ಟೆ. ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ. ಅಡುಗೆಯವರು ಇನ್ನೂ ಅಕ್ಕಿ ತೊಳೀತಿದ್ರು.

ಹಾಲುತುಪ್ಪ

ಹೋದ ವರ್ಷ ಹಾರ್ಮೋನಿಯಂ ಮೇಷ್ಟ್ರು ತೀರ್ಕೊಂಡ್ರು. ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಡೋ ಶಾಸ್ತ್ರ. ಅವರ ಮಗ ಹಿಂದಿನ ದಿನ ನಮ್ಮನೆಗೆ ಬಂದ.

"ತಾತ, ಅಪ್ಪನ ಸಮಾಧಿ ಮುಂದೆ ಭಜನೆ ಆಗ್ಬೇಕು. ಗುಂಪಲ್ಲಿ ಉಳಿದಿರೋದು ತಬಲದವನೊಬ್ಬ. ನೀನೇ ಹಾಡಬೇಕು."

ಹೆಂಡತಿ ಕಡೆ ತಿರುಗಿ, "ನೋಡ್ದೇನೇ? ಕರೆಯೋಕೆ ಮನೆಗೇ ಬಂದವ್ರೆ," ಅಂದೆ.

"ಮೇಷ್ಟ್ರು ಇದ್ದಿದ್ರೆ ಬಿಡ್ತಿರಲಿಲ್ಲ," ಅಂದಳು.

ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಹೊಸ ಟವಲ್ ಹೊದ್ದು ಹೋದೆ. ಸಮಾಧಿ ಮುಂದೆ ಎಲೆ ಹಾಕಿ ಎಡೆ ಇಟ್ಟಿದ್ರು: ಮುದ್ದೆ, ಕಾಳುಸಾರು, ವಡೆ. ಕಾಗೆ ಬಂದು ಮುಟ್ಟಬೇಕು. ಮುಟ್ಟಿದ ಮೇಲೆ ಉಳಿದವರಿಗೆ ಊಟ. ಮುಟ್ಟಲಿಲ್ಲ ಅಂದ್ರೆ ಸತ್ತೋರ ಮನಸ್ಸಲ್ಲಿ ಏನೋ ಆಸೆ ಉಳಿದಿದೆ ಅಂತ ಅರ್ಥ. ಪಕ್ಕದ ಹುಣಸೆ ಮರದ ತುಂಬ ಕಾಗೆ ಕಾಯ್ತಾ ಕೂತಿದ್ವು. ಊರೆಲ್ಲ ಸೇರಿತ್ತು. ತಬಲದವನ ಪಕ್ಕ ಕೂತು, ಮೇಷ್ಟ್ರಿಗೆ ಕೈ ಮುಗಿದು, ಪಲ್ಲವಿ ಎತ್ತಿದೆ.

ಮರ ಬೋಳಾಯ್ತು. ಶಿಡ್ಲಘಟ್ಟದ ಕಡೆಗೆ ಒಂದು ಕರೀ ಗೆರೆ ಹೋದದ್ದು ಕಾಣಿಸ್ತು, ಅಷ್ಟೇ.

ಜನ ಕಾದ್ರು. ಒಂದು ಕಾಗೆ ಇಲ್ಲ. ಮಗ ಅಳ್ತಾ, "ಅಪ್ಪಾ, ನಿನ್ನ ಪೆಟ್ಟಿಗೆ ಮಾರಲ್ಲಪ್ಪ," ಅಂದ. ಕಾಗೆ ಬರಲಿಲ್ಲ. ಸೊಸೆ ಓಡಿ ಹೋಗಿ ಮೇಷ್ಟ್ರು ಸೇದ್ತಿದ್ದ ಬೀಡಿ ಕಟ್ಟು ತಂದು ಎಡೆ ಪಕ್ಕ ಇಟ್ಟಳು. ಬರಲಿಲ್ಲ. ಮೇಷ್ಟ್ರ ಆತ್ಮಕ್ಕೆ ಶಾಂತಿ ಸಿಗಲಿ ಅಂತ ನಾನು ಇನ್ನೂ ಎತ್ತರಿಸಿ ಹಾಡಿದೆ. ಎರಡು ಚರಣ ದಾಟಿದೆ. ಇನ್ನೊಂದೇ ಉಳಿದಿತ್ತು. ಜನ್ಮದಲ್ಲಿ ಅಷ್ಟು ದೂರ ಯಾವತ್ತೂ ಹೋಗಿರಲಿಲ್ಲ.

ತಬಲದವನು ಕೈ ನಿಲ್ಲಿಸಿ ಎದ್ದ. "ಮೇಷ್ಟ್ರ ಆಸೆ ಏನು ಅಂತ ನನಗೆ ಗೊತ್ತು," ಅಂದು, ನನ್ನ ಕಡೆ ನೋಡ್ದ. ಊರೂ ನನ್ನ ಕಡೆ ನೋಡ್ತು. ಹಿಂದಿನಿಂದ ಯಾರೋ ಮುದುಕಿ, "ಮಾತು ಕೊಟ್ಬಿಡಪ್ಪ, ಮಕ್ಕಳು ಹಸಿದವೆ," ಅಂದಳು.

ಆಯುಷ್ಯವೆಲ್ಲ ಹಕ್ಕಿ ಹೋಗಲಿ ಅಂತ ಹಾಡಿ ಹೊಟ್ಟೆ ಹೊರೆದವನು ನಾನು. ಅವತ್ತು ಒಂದೇ ಒಂದು ಹಕ್ಕಿ ಬರಬೇಕಿತ್ತು. ಮಣ್ಣು ಮುಟ್ಟಿ ಹೇಳ್ದೆ: "ಮೇಷ್ಟ್ರೇ, ಇನ್ನು ಹಾಡಲ್ಲ."

ಗಾಳಿ ಬೀಸೋದು ಕೇಳಿಸ್ತು. ಆಮೇಲೆ ಒಂದು ಕಾಗೆ ಬಂತು. ಅದರ ಹಿಂದೆ ಗೌರಿಬಿದನೂರಿನ ಕಾಗೆಗಳೂ ಸೇರಿ ಇಡೀ ಜಿಲ್ಲೆಯೇ ಬಂದು ಇಳೀತು. ವಡೆ ಸಿಗದವು ಬೀಡಿ ಎತ್ಕೊಂಡು ಹೋದವು. ಜನ ಕೈ ಮುಗಿದ್ರು. ಮಗ ಬಂದು ನನ್ನ ಕಾಲಿಗೆ ಬಿದ್ದ: "ಅಪ್ಪನ ಕೊನೇ ಆಸೆ ತೀರಿಸಿದೆ ತಾತ!"

ಆ ಕೊನೇ ಚರಣ ಇನ್ನೂ ಗಂಟಲಲ್ಲೇ ಇದೆ. ಅವತ್ತು ಊಟಕ್ಕೆ ಕೂತಾಗ ಮುದ್ದೆ ಅದರ ಮೇಲೇ ಇಳೀಬೇಕಾಗಿತ್ತು, ಇಳೀಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಉಣ್ತಿದ್ಲು.

"ಪಾಪ, ಮೇಷ್ಟ್ರು ಒಳ್ಳೇವ್ರು," ಅಂದಳು. "ನಾನು ಸತ್ತು ಈಸ್ಕೋಬೇಕು ಅಂತಿದ್ದ ಮಾತನ್ನ ಅವರೇ ಈಸ್ಕೊಂಡ್ಬಿಟ್ರು."