ಅತ್ತಿಗೆಯ ಮೈಯಲ್ಲಿ ಸತುವೇ ಇಲ್ಲ

ಓರಗಿತ್ತಿಗೆ ಬಿಪಿ ಬಂದು ಹದಿನೇಳು ದಿನವಾಗಿತ್ತು. ದೊಡ್ಡವಳಿಗೆ ಇನ್ನೂ ಏನೂ ಬಂದಿರಲಿಲ್ಲ.

ಒಂದೇ ಮನೆ, ಒಂದೇ ಒಲೆ, ಅಣ್ಣತಮ್ಮಂದಿರ ಇಬ್ಬರು ಹೆಂಡಿರು. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಡಬ್ಬಿಯ ಉಪ್ಪು ತಿಂದವರು. ಆದರೂ ಏರಿದ್ದು ಚಿಕ್ಕವಳ ರಕ್ತದೊತ್ತಡ ಮಾತ್ರ. (ಅದರಲ್ಲೂ ಪಕ್ಷಪಾತ ಎಂದು ದೊಡ್ಡವಳಿಗೆ ಅನ್ನಿಸದೆ ಇರಲಿಲ್ಲ.) ಅಂದಿನಿಂದ ಮೆತ್ತೆ ಹಾಕಿದ ಒಂದೇ ಒಂದು ಕೈಕುರ್ಚಿ ಚಿಕ್ಕವಳ ಸಿಂಹಾಸನವಾಯಿತು. ಅವಳು ಕುಡಿದಿಟ್ಟ ಲೋಟವನ್ನು ಅವಳ ಗಂಡನೇ ಒಯ್ದು ತೊಳೆಯುತ್ತಿದ್ದ. ಅದಾದರೂ ಇರಲಿ. ದೊಡ್ಡವಳ ಗಂಡ, ಗಡಿಯಾರ ರಿಪೇರಿಯವನು, ಹೆಂಡತಿ ತಲೆನೋವೆಂದಾಗಲೆಲ್ಲ "ಮಲಗು, ಹೋಗುತ್ತೆ" ಎಂದಷ್ಟೇ ಹೇಳಿದ ಮಹಾನುಭಾವ, ಈಗ "ಬಾಗಿಲು ಮೆಲ್ಲಗೆ ಹಾಕೇ, ಅವಳಿಗೆ ಬಿಪಿ" ಎಂದು ಪಿಸುಗುಡುತ್ತಿದ್ದ!

ದೊಡ್ಡವಳು ಹೊಲಿಗೆಯಂತ್ರವನ್ನು ದಡದಡ ತುಳಿದಳು. ಯಾರದೋ ರವಿಕೆಯ ತೋಳು ಕುತ್ತಿಗೆಗೆ ಸೇರಿಕೊಂಡಿತು.

ಒಂದು ಸಂಜೆ ಮೈದುನ ಎರಡು ಲಕೋಟೆ ಹಿಡಿದು ಬಂದ. ಪ್ರಯೋಗಾಲಯವೊಂದರಲ್ಲಿ ಸೀಸೆ ತೊಳೆದು ಚೀಟಿ ಅಂಟಿಸುವುದು ಅವನ ಕೆಲಸ.

"ಅತ್ತಿಗೆ, ನಮ್ಮ ಡಾಕ್ಟರಮ್ಮ, ಇವಳಿಗೆ ಮಾತ್ರೆ ಕೊಟ್ಟವರು, ಒಂದು ಅಧ್ಯಯನ ಮಾಡ್ತಿದಾರೆ. ಮೈಯೊಳಗೆ ಸತು, ತಾಮ್ರ, ಮೆಗ್ನೀಸಿಯಂ ಅಂತೆಲ್ಲ ಚೂರುಚೂರು ಇರ್ತವಂತೆ. ಅವಕ್ಕೂ ಬಿಪಿಗೂ ಏನಾದ್ರೂ ನಂಟಿದೆಯಾ ಅಂತ ನೋಡ್ತಾರಂತೆ. ಅದಕ್ಕೆ ಕೂದಲು ಬೇಕು."

"ಸತು, ತಾಮ್ರ! ನಿನ್ನ ಹೆಂಡ್ತಿ ಏನು ಪಾತ್ರೆ ಅಂಗಡಿನೇನೋ?"

"ಎಲ್ಲರಲ್ಲೂ ಇರುತ್ತಂತೆ. ನಿಮ್ಮ ಕೂದಲೂ ಬೇಕು."

ದೊಡ್ಡವಳ ಮುಖ ಅರಳಿತು. "ನಂದೂನಾ? ನನಗೂ ಏನಾದ್ರೂ ಇರಬಹುದು ಅಂತಲಾ?"

"ಛೆ ಛೆ, ನಿಮಗೇನು ಧಾಡಿ, ಗುಂಡುಕಲ್ಲು! ಕಾಯಿಲೆ ಇಲ್ಲದವರದೂ ಒಂದು ಇರ್ಲಿ ಅಂತ, ಹೋಲಿಸಿ ನೋಡೋಕೆ."

ಹೋಲಿಸಿ ನೋಡೋಕೆ! ಕುಪ್ಪಸದ ಅಳತೆಗೆ ತಂದುಕೊಡುವ ಹಳೇ ಕುಪ್ಪಸದ ಹಾಗೆ!

ಹಿಂದಲೆಯ ಬುಡದಿಂದ ಅರ್ಧ ಚಮಚದಷ್ಟು ಕೂದಲು ಎಂದು ಲಕೋಟೆಯ ಮೇಲೆ ಬರೆದಿತ್ತು. ಚಿಕ್ಕವಳು ಕುರ್ಚಿಯಲ್ಲೇ ಕತ್ತು ಬಗ್ಗಿಸಿದಳು, ಅವಳ ಗಂಡ ಕತ್ತರಿಸಿದ. ದೊಡ್ಡವಳು ಮಾತ್ರ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ಸೊಂಟ ಮುಟ್ಟುವ ಜಡೆಯವಳೆಂದು ಬೀದಿಗೆಲ್ಲ ಹೆಸರಾದವಳು ಅವಳು. ಆ ಜಡೆಯಲ್ಲಿ ಸ್ವಂತದ್ದು ಇಲಿಬಾಲದಷ್ಟು. ಉಳಿದದ್ದು ಹನ್ನೊಂದು ವರ್ಷದ ಹಿಂದೆ ಅಂಗಡಿಯಿಂದ ತಂದ ಚೌರಿ. ಇದು ಅವಳಿಗೂ ಅವಳ ಕನ್ನಡಿಗೂ ಬಿಟ್ಟರೆ ಗಂಡನಿಗೂ ಗೊತ್ತಿರಲಿಲ್ಲ. ಬುಡದಿಂದ ಅರ್ಧ ಚಮಚ ಕತ್ತರಿಸಿದರೆ ಚೌರಿ ಕಟ್ಟುವುದು ಯಾವುದಕ್ಕೆ? ಅಳೆದು ನೋಡಿದಳು, ಇನ್ನೊಮ್ಮೆ ಅಳೆದಳು. ಕೊನೆಗೆ ಚೌರಿಯ ಒಳಮಗ್ಗುಲಿಂದಲೇ ಅರ್ಧ ಚಮಚ ಕತ್ತರಿಸಿ ಲಕೋಟೆಗೆ ಹಾಕಿದಳು.

ಮೂರು ವಾರ ಬಿಟ್ಟು ಮೈದುನ ಬಿಳಿಚಿಕೊಂಡು ಬಂದ.

"ಅತ್ತಿಗೆ, ಮೊದಲು ಕೂತ್ಕೊಳ್ಳಿ. ನಿಮ್ಮ ಮೈಯಲ್ಲಿ ಸತು ಇಲ್ಲ. ತಾಮ್ರ ಇಲ್ಲ. ಮೆಗ್ನೀಸಿಯಂ ಇಲ್ಲ. ಹುಡುಕಿದ್ದು ಯಾವುದೂ ಇಲ್ಲ!"

ಗಡಿಯಾರದವನು ಕೈಯಲ್ಲಿದ್ದ ಸ್ಪ್ರಿಂಗ್ ಕೆಳಗೆ ಬೀಳಿಸಿದ. "ಹಾಗಾದ್ರೆ ಇವಳು ಇಷ್ಟು ದಿನ ಯಾವುದರ ಮೇಲೆ ಓಡ್ತಿದ್ಲು?"

ಚಿಕ್ಕವಳು ದಡಕ್ಕನೆ ಎದ್ದಳು. "ಅಕ್ಕಾ, ಬಾ, ಇಲ್ಲಿ ಕೂತ್ಕೋ. ನನಗಾದ್ರೆ ಸ್ವಲ್ಪ ಏರಿದೆ ಅಷ್ಟೇ. ನಿನಗೆ ಇರೋದೇ ಇಲ್ವಲ್ಲ!"

ನಿಜ ದೊಡ್ಡವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕೂತಾಗಿತ್ತು. ಮೆತ್ತೆ ಬಹಳ ಮೆತ್ತಗಿತ್ತು.

ಅಲ್ಲಿಂದ ಹದಿಮೂರು ದಿನ ಅವಳದೇ ರಾಜ್ಯಭಾರ. ಕುಂಬಳಬೀಜ ಬಂತು, ಬಾದಾಮಿ ಬಂತು, ಗಂಡನೇ ಸಿಪ್ಪೆ ಸುಲಿದು ಕೊಟ್ಟ. ಚಿಕ್ಕವಳು ದಿನಕ್ಕೆ ಹತ್ತು ಸಲ ಅಡುಗೆಮನೆಗೆ, ನಾಲ್ಕು ಸಲ ಮಹಡಿಗೆ ಓಡಿದಳು. (ದೊಡ್ಡವಳು ಎಣಿಸಿದ್ದಳು.) ಪಕ್ಕದ ಮನೆಯಾಕೆ ಬಂದು ಚಿಕ್ಕವಳ ಬಿಪಿ ಹೇಗಿದೆ ಎಂದು ಕೇಳಿದರೆ ಉತ್ತರ ಕುರ್ಚಿಯಿಂದಲೇ ಬರುತ್ತಿತ್ತು: "ಬಿಪಿ ಏನ್ರೀ, ಮನೆಮನೇಲೂ ಇರುತ್ತೆ. ನಂದು ನೋಡಿ, ಪೂರ್ತಿ ಸೊನ್ನೆ!"

ಹದಿನಾಲ್ಕನೆಯ ದಿನ ಡಾಕ್ಟರಮ್ಮನೇ ಬಿಪಿ ಯಂತ್ರ, ಕತ್ತರಿ ಹಿಡಿದು ಬಂದರು.

"ಇಂಥ ವರದಿ ನಾನು ಈ ಜನ್ಮದಲ್ಲಿ ನೋಡಿಲ್ಲ. ಈ ಸಲ ನನ್ನ ಕೈಯಾರೆ ಕೂದಲು ತಗೋತೀನಿ."

"ಬೇಡಿ ಡಾಕ್ಟ್ರೇ, ನಾನೇ ಒಳಗೆ ಹೋಗಿ—"

ಅವರು ಜಡೆ ಎತ್ತಿಯಾಗಿತ್ತು. ದೊಡ್ಡವಳು ಕತ್ತು ಆಚೆ ಎಳೆದಳು, ಜಡೆ ಈಚೆಗೇ ಉಳಿಯಿತು. ಡಾಕ್ಟರಮ್ಮನ ಕೈಯಲ್ಲಿ ಒಂದೂವರೆ ಮೊಳ ಜೋತಾಡುತ್ತಿತ್ತು.

"ಅಯ್ಯಯ್ಯೋ!" ಗಂಡ ಎದೆ ಬಡಿದುಕೊಂಡ. "ಸತು ಇಲ್ಲದೆ ಕೂದಲೆಲ್ಲ ಬುಡಸಮೇತ ಬಂದುಬಿಡ್ತು! ಬಾದಾಮಿ ಕೊಡ್ರೋ!"

ಡಾಕ್ಟರಮ್ಮ ಬೆರಳಲ್ಲಿ ಉಜ್ಜಿ ನೋಡಿದರು. "ಇದು ನೈಲಾನು."

ಮೊದಲು ಚಿಕ್ಕವಳ ಸೆರಗು ಬಾಯಿಗೆ ಹೋಯಿತು, ಆಮೇಲೆ ಮೈದುನ ಗೋಡೆಯ ಕಡೆ ತಿರುಗಿದ, ಅವನ ಬೆನ್ನು ಕುಲುಕುತ್ತಿತ್ತು. ದೊಡ್ಡವಳ ಕಿವಿ ಕಾದು ಕೆಂಡವಾಯಿತು. ಆ ಬಣ್ಣ ಕಂಡೇ ಡಾಕ್ಟರಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುತ್ತಿದರು.

"ನೂರ ಎಪ್ಪತ್ತೆಂಟು. ಬಿಪಿ ಇದೆ ನಿಮಗೆ."

ಬಂತು! ಜಡೆ ಹೋದದ್ದೂ ಮರೆತುಹೋಯಿತು. ದೊಡ್ಡವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಕೇಳಿಸ್ತಾ? ನಾನು ಗುಂಡುಕಲ್ಲಂತೆ!" ಎಂದು ಇನ್ನಷ್ಟು ಒರಗಿ ಕೂತಳು.

ಆಮೇಲೆ ಚಿಕ್ಕವಳದ್ದು ನೋಡಿದರು. ನೂರ ಇಪ್ಪತ್ತಾರು.

"ಅರೆ, ಇಷ್ಟು ಇಳಿದಿದೆ! ಏನು ಮಾಡಿದ್ರಿ?"

"ಏನಿಲ್ಲ ಡಾಕ್ಟ್ರೇ. ನೀವು ಕೊಟ್ಟ ಮಾತ್ರೆ, ಹದಿಮೂರು ದಿನ ಅಕ್ಕನ ಸೇವೆ. ಕೂರೋಕೇ ಬಿಡಲಿಲ್ಲ ನೋಡಿ."

"ಮಾತ್ರೆ ನಿಲ್ಲಿಸಬೇಡಿ," ಎಂದು ಅವಳಿಗೆ ಹೇಳಿ ಡಾಕ್ಟರಮ್ಮ ಈ ಕಡೆ ತಿರುಗಿದರು. "ನಿಮಗೂ ಮಾತ್ರೆ ಬರೀತೀನಿ. ಉಪ್ಪು ಕಮ್ಮಿ ಮಾಡಿ. ಕೂತಲ್ಲೇ ಕೂರೋದು ಇವತ್ತಿಗೆ ಬಂದ್. ಇವರು ಮಾಡಿದ್ದನ್ನೇ ನೀವೂ ಮಾಡಿ, ಓಡಾಡಿ."

"ಅಕ್ಕಾ, ಗಾಬರಿಯಾಗಿದೀಯ. ನೀರು ತರ್ಲಾ?" ಎಂದಳು ಚಿಕ್ಕವಳು.

"ನೀವು ಕೂತ್ಕೊಳ್ಳಿ," ಎಂದರು ಡಾಕ್ಟರಮ್ಮ. "ಅವರೇ ತರಲಿ. ನಿಮಗೂ ಒಂದು ಲೋಟ."

ದೊಡ್ಡವಳು ಬೋಳುಬೋಳಾದ ಬೆನ್ನು ತೋರಿಸಿಕೊಂಡು ಒಳಗೆ ಹೋದಳು. ಎರಡು ಲೋಟಕ್ಕೆ ನೀರು ಹಾಕಿ ಪಕ್ಕಪಕ್ಕ ಇಟ್ಟು ನೋಡಿದಳು. ಚಿಕ್ಕವಳದ್ದರಲ್ಲಿ ಎರಡು ಬೆರಳು ಹೆಚ್ಚಿತ್ತು. ಅಷ್ಟನ್ನು ನಿಂತಲ್ಲೇ ಕುಡಿದು, ಸಮ ಮಾಡಿ, ತೆಗೆದುಕೊಂಡು ಹೋದಳು.