ಮದರ್‌ಬೋರ್ಡಿನ ಮಕ್ಕಳು

ಲ್ಯಾಪ್‌ಟಾಪ್ ಎಷ್ಟು ತೆಳ್ಳಗಿರಬೇಕು ಎಂಬುದನ್ನು ಆ ಕಂಪನಿಯಲ್ಲಿ ಯಜಮಾನರ ಕೋಣೆಯ ಬಾಗಿಲು ತೀರ್ಮಾನಿಸುತ್ತಿತ್ತು. ಹೊಸ ಮಾದರಿ ತಯಾರಾದಾಗಲೆಲ್ಲ ವಿನ್ಯಾಸ ವಿಭಾಗದ ಮುಖ್ಯಸ್ಥರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬಾಗಿಲ ಮುಂದೆ ಮಂಡಿಯೂರಿ, ಕೆಳಗಿನ ಸಂದಿಯಿಂದ ಒಳಕ್ಕೆ ತಳ್ಳುತ್ತಿದ್ದರು. ಅದು ನುಣ್ಣಗೆ ಜಾರಿ ಹೋಗಿ ಯಜಮಾನರ ಬೂಟಿಗೆ ತಾಗಿದರೆ ಒಳಗಿನಿಂದ "ಬಂತು" ಎಂಬ ಮಾತು ಕೇಳಿಸುತ್ತಿತ್ತು. ಅಲ್ಲಿಗೆ ಮಾದರಿ ಮಂಜೂರು. ಯಾವುದೋ ಕಾಲದಲ್ಲಿ ಬೀಗ ಕೆಟ್ಟು ಯಜಮಾನರು ಒಳಗೇ ಸಿಕ್ಕಿಕೊಂಡಿದ್ದಾಗ ಕಾಗದಪತ್ರಗಳನ್ನು ಆ ಸಂದಿಯಿಂದ ತಳ್ಳಿದ್ದರಂತೆ. "ಕಾಗದ ಬರೋದಾದ್ರೆ ಲ್ಯಾಪ್‌ಟಾಪ್ ಯಾಕೆ ಬರಬಾರದು?" ಎಂದು ಯಜಮಾನರು ಒಳಗಿನಿಂದಲೇ ಕೇಳಿದ್ದರಂತೆ. ಪ್ರಶ್ನೆಗೆ ಯಾರೂ ಉತ್ತರ ಕೊಡದ ಕಾರಣ ಅದೇ ನಿಯಮವಾಯಿತು.

ಅವು ಕಾಗದ ಬರೆಯುವ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲ. ಸೇತುವೆಯ ನಕ್ಷೆ ತೆಗೆಯುವವರು, ಕಾರ್ಟೂನ್ ಸಿನಿಮಾ ಮಾಡುವವರು ಕೊಳ್ಳುವಂಥವು. ಕೊಂಡವರು ಮನೆಯಲ್ಲಿ ಬೆಲೆ ಹೇಳುತ್ತಿರಲಿಲ್ಲ. ಇಂಥ ಯಂತ್ರದ ಜೀವ ಇರುವುದು ಮೆಮೊರಿಯಲ್ಲಿ. ಮೆಮೊರಿ ಅಂದರೆ ಅಡುಗೆಮನೆಯ ಕಟ್ಟೆ ಇದ್ದಂತೆ. ಅಗಲವಾಗಿದ್ದಷ್ಟೂ ಹರಡಿಕೊಂಡು ಕೆಲಸ ಮಾಡಬಹುದು, ಚಿಕ್ಕದಾದರೆ ಒಂದನ್ನು ಇಳಿಸದೆ ಇನ್ನೊಂದನ್ನು ಇಡುವಂತಿಲ್ಲ. ಕಟ್ಟೆ ಸಾಲದೆ ಹೋದರೆ ಗಿರಾಕಿ ಯಂತ್ರ ತರುತ್ತಿದ್ದ. ನೆಲಮಹಡಿಯಲ್ಲಿ ಒಬ್ಬಳು ಅದರ ಬೆನ್ನು ಬಿಚ್ಚಿ, ಸ್ಲಾಟಿನೊಳಗೆ ಬೆರಳುದ್ದದ ಹಸಿರು ಮೆಮೊರಿ ಪಟ್ಟಿ ಇಟ್ಟು, ಎರಡೂ ಹೆಬ್ಬೆರಳಿನಿಂದ ಒತ್ತಿ 'ಟಿಕ್' ಅನ್ನಿಸಿ ಕಳಿಸುತ್ತಿದ್ದಳು.

ಅವಳನ್ನು ಎಲ್ಲರೂ ಸ್ಲಾಟಕ್ಕ ಅನ್ನುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ವಿನ್ಯಾಸ ಮುಖ್ಯಸ್ಥರೂ ಹಾಗೇ ಕರೆಯುತ್ತಿದ್ದರು. ಅವಳ ಮೇಜಿನ ಪಕ್ಕದ ಬಾಗಿಲು ಕಂಪನಿಯ ಮಕ್ಕಳ ಕೋಣೆಯದು. ಅವಳ ಎರಡು ವರ್ಷದ ಮಗಳು ಪುಟ್ಟಿ ದಿನವಿಡೀ ಅಲ್ಲೇ. ಸದ್ಯಕ್ಕೆ ಅಲ್ಲಿದ್ದ ಮಗು ಅವಳೊಬ್ಬಳೇ. ಇತ್ತ ತಾಯಿ 'ಟಿಕ್' ಅನ್ನಿಸಿದರೆ ಅತ್ತಲಿಂದ ಮಗಳು "ತಿಕ್" ಅನ್ನುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದ. ಮನೆಗೆ ಬಂದಾಗ ಬಂದ, ಇಲ್ಲದಾಗ ಇಲ್ಲ. ಅತ್ತೆ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಆದ್ದರಿಂದ ಆ ಕೋಣೆ ಇದ್ದರೆ ಸ್ಲಾಟಕ್ಕನಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ.

ಹೀಗಿರುವಾಗ ಯಜಮಾನರ ಹೆಂಡತಿ ಗಂಡನ ಕೋಣೆಗೆ ದಪ್ಪನೆಯ ರತ್ನಗಂಬಳಿ ಹಾಸಿಸಿದರು.

ಮರುವಾರ ಮುಖ್ಯಸ್ಥರು ತಳ್ಳಿದ ಹೊಸ ಮಾದರಿ ಬಾಗಿಲ ಕೆಳಗೆ ಅರ್ಧದಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ "ಬರಲಿಲ್ಲ" ಎಂಬ ಮಾತು ಕೇಳಿಸಿತು. ಕಂಪನಿಯ ಚರಿತ್ರೆಯಲ್ಲಿ ಆ ಮಾತು ಅದೇ ಮೊದಲು. ಕೂಡಲೇ ಸಭೆ ಸೇರಿತು. ಲ್ಯಾಪ್‌ಟಾಪ್ ದಪ್ಪವಾಗಿದೆ ಎಂಬ ತೀರ್ಮಾನಕ್ಕೆ ಸಭೆ ಒಮ್ಮತದಿಂದ ಬಂತು. ಫ್ಯಾನ್ ತೆಗೆಯುವ ಸಲಹೆಯನ್ನು, ಬಳಕೆದಾರರ ತೊಡೆಗಳ ಬಗ್ಗೆ ಸಂಸ್ಥೆಗಿರುವ ಗೌರವದಿಂದ, ಕೈಬಿಡಲಾಯಿತು. ಕೊನೆಗೆ ಮುಖ್ಯಸ್ಥರು ಅಳತೆಪಟ್ಟಿ ಹಿಡಿದು ನೆಲಮಹಡಿಗೆ ಇಳಿದುಬಂದರು.

"ಸ್ಲಾಟಕ್ಕ, ಈ ಸ್ಲಾಟ್ ಎಷ್ಟು ಎತ್ತರ ಇದೆ ನೋಡಿ."

"ಹೋದ ವಾರ ಎಷ್ಟಿತ್ತೋ ಅಷ್ಟೇ ಇದೆ ಸರ್. ಎತ್ತರ ಆಗಿರೋದು ಗಂಬಳಿ."

"ನಂಗೇನು ಕಣ್ಣಿಲ್ವಾ?" ಮುಖ್ಯಸ್ಥರು ದನಿ ತಗ್ಗಿಸಿದರು. "ಗಂಬಳಿ ತಂದೋರು ಯಾರು, ಗೊತ್ತಲ್ಲ?"

"ಗೊತ್ತು."

"ಸ್ಲಾಟ್ ತಂದೋನು ಯಾರು?"

"ನೀವು."

"ಮತ್ತೆ ಯಾವುದನ್ನ ತೆಗೆಯೋದು ಸುಲಭ, ನೀವೇ ಹೇಳಿ."

"ನೆಗಡಿ ಯಜಮಾನರ ಮನೆಯೋರ್ದು, ಕೊಯ್ಯೋ ಮೂಗು ಮಾತ್ರ ನಮ್ದು ಅನ್ನಿ," ಎಂದಳು ಸ್ಲಾಟಕ್ಕ.

"ಚೆನ್ನಾಗಿ ಹೇಳಿದ್ರಿ," ಎಂದು ಮುಖ್ಯಸ್ಥರು ಮೆಚ್ಚಿಕೊಂಡರು. ಮಾರನೆಯ ದಿನ ಮೂಗು ಕೊಯ್ದರು.

ಅಂದರೆ ಸ್ಲಾಟುಗಳು ಹೋದವು. ಮೆಮೊರಿಯನ್ನು ಮದರ್‌ಬೋರ್ಡ್ ಎಂಬ ಯಂತ್ರದ ಮೂಲ ಹಲಗೆಯ ಮೇಲೆ ನೇರವಾಗಿ ಬೆಸುಗೆ ಹಾಕಲಾಯಿತು. ಇನ್ನು ಕೊಳ್ಳುವಾಗ ಎಷ್ಟು ಮೆಮೊರಿ ಕೊಂಡರೋ ಅಷ್ಟೇ. ಆಮೇಲೆ ಸಾಲದಿದ್ದರೆ ಯಂತ್ರವನ್ನೇ ಹೊಸದಾಗಿ ಕೊಳ್ಳಬೇಕು. ಈ ಪರಿಣಾಮವನ್ನು ಸಭೆಯ ನಡಾವಳಿಯಲ್ಲಿ "ಅನಿರೀಕ್ಷಿತ ಸಂತೋಷ" ಎಂದು ದಾಖಲಿಸಲಾಗಿದೆ. ಮಾದರಿ ಬಾಗಿಲ ಕೆಳಗೆ ಜಾರಿ ಹೋಯಿತು. "ಬಂತು" ಎಂಬ ಮಾತು ಕೇಳಿ ಇಬ್ಬರು ಎಂಜಿನಿಯರುಗಳು ಕಣ್ಣೊರೆಸಿಕೊಂಡರು.

ಗಿರಾಕಿಗಳು ಗೊಣಗಬಾರದೆಂದು ಗೋಡೆಗೋಡೆಗೂ ಪ್ರಕಟಣೆ ಅಂಟಿಸಿದರು. ಮಗುವನ್ನು ಎದೆಗವಚಿಕೊಂಡ ತಾಯಿಯ ಚಿತ್ರ. ಕೆಳಗೆ ಹೀಗೆ ಬರೆದಿತ್ತು:

"ಮದರ್‌ಬೋರ್ಡ್ ಎಂದರೆ ತಾಯಿ. ಮೆಮೊರಿ ಅವಳ ಮಗು. ಇದುವರೆಗೆ ಯಾರು ಬೇಕಾದರೂ ನಾಲ್ಕು ಸ್ಕ್ರೂ ತಿರುಗಿಸಿ ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತುಕೊಳ್ಳಬಹುದಾಗಿತ್ತು. ಈ ಅಮಾನುಷ ಪದ್ಧತಿಯನ್ನು ರದ್ದುಪಡಿಸಲಾಗಿದೆ. ನಮ್ಮ ಸಂಸ್ಥೆಯಲ್ಲಿ ತಾಯಿ ಮಗು ಎಂದೆಂದಿಗೂ ಅಗಲುವುದಿಲ್ಲ."

ಪ್ರಕಟಣೆಯ ಅಂಟು ಒಣಗುವ ಮೊದಲೇ ಸಿಬ್ಬಂದಿ ಅಧಿಕಾರಿ ಮೇಡಂ ಸ್ಲಾಟಕ್ಕನನ್ನು ಕರೆಸಿದರು. ಸ್ಲಾಟ್ ಇಲ್ಲದಿರುವಾಗ ಸ್ಲಾಟ್ ವಿಭಾಗ ಇರತಕ್ಕದ್ದಲ್ಲವಾದ್ದರಿಂದ ಅವಳನ್ನು ಊರಾಚೆಯ ಗೋದಾಮಿಗೆ ವರ್ಗ ಮಾಡಲಾಗಿತ್ತು. ಮಕ್ಕಳ ಕೋಣೆಯಲ್ಲಿ ಇನ್ನು ಬೆಸುಗೆ ತಂತಿಯ ಸುರುಳಿಗಳನ್ನು ಇಡುವುದೆಂದು ತೀರ್ಮಾನವಾಗಿತ್ತು.

"ಗೋದಾಮಿಗೆ ಪುಟ್ಟೀನ ಕರ್ಕೊಂಡು ಹೋಗಬಹುದಾ ಮೇಡಂ?"

"ಅಲ್ಲಿ ಸರಕು ಎತ್ತೋ ಗಾಡಿ ಓಡಾಡ್ತವೆ. ಮಕ್ಕಳು ಹೇಗೆ?"

"ಮತ್ತೆ ಅವಳನ್ನ ಎಲ್ಲಿ ಬಿಡ್ಲಿ?"

"ಅದು ವೈಯಕ್ತಿಕ ವಿಷಯ. ವೈಯಕ್ತಿಕ ವಿಷಯದಲ್ಲಿ ಕಂಪನಿ ತಲೆ ಹಾಕಲ್ಲ ಕಣ್ರೀ. ಅಷ್ಟು ಸಂಸ್ಕಾರ ನಮಗಿದೆ."

ಅಳು ಬರುವ ಮೊದಲು ಸ್ಲಾಟಕ್ಕನಿಗೆ ಯಾವಾಗಲೂ ಸಿಟ್ಟು ಬರುತ್ತಿತ್ತು. ಈ ಸಲವೂ ಅದೇ ಕ್ರಮದಲ್ಲಿ ಬಂತು. ಎತ್ತಿದ ಮುಖಕ್ಕೆ ನೇರವಾಗಿ, ಮೇಡಂ ಅವರ ಕುರ್ಚಿಯ ಹಿಂದೆ, ಹೊಸ ಪ್ರಕಟಣೆ ಕಾಣಿಸಿತು.

"ನಿಮ್ಮ ಬೆನ್ನ ಹಿಂದೆ ಏನೋ ಬರೆದಿದೆ ಮೇಡಂ. ಕೊನೇ ಸಾಲು ಸ್ವಲ್ಪ ಓದಿ."

ಮೇಡಂ ತಿರುಗಿದರು. "ನಮ್ಮ ಸಂಸ್ಥೆಯಲ್ಲಿ ತಾಯಿ ಮಗು ಎಂದೆಂದಿಗೂ... ರೀ, ಇದು ಮದರ್‌ಬೋರ್ಡಿನ ವಿಷಯ!"

"ಕೊನೇ ಸಾಲಲ್ಲಿ ಬೋರ್ಡು ಎಲ್ಲಿದೆ? ತಾಯಿ ಅಂತಿದೆ, ಮಗು ಅಂತಿದೆ, ನಮ್ಮ ಸಂಸ್ಥೆ ಅಂತಿದೆ. ನಾನು ತಾಯಿ. ಪುಟ್ಟಿ ಮಗು. ಸಂಸ್ಥೆ ನಿಮ್ದೇ ತಾನೆ? ಹಲಗೆಗೆ ಕೊಟ್ಟ ಮರ್ಯಾದೆ ಹೊತ್ತು ಹೆತ್ತವಳಿಗೆ ಇಲ್ವಾ?"

ಪಕ್ಕದ ಮೇಜಿನ ಕಾನೂನು ಸಲಹೆಗಾರರ ಕೈಯಲ್ಲಿದ್ದ ಟೀ ಲೋಟ ತುಟಿಗೂ ಮೇಜಿಗೂ ನಡುವೆ ನಿಂತಿತು. "ಮೇಡಂ," ಅಂದರು ಅವರು ಮೆಲ್ಲಗೆ, "ಈಯಮ್ಮನ್ನ ಮಗುವಿಂದ ದೂರ ಮಾಡಿದ್ರೆ ಪ್ರಕಟಣೆ ಸುಳ್ಳಾಗುತ್ತೆ. ಪ್ರಕಟಣೆ ಸುಳ್ಳಾದ್ರೆ ಗಿರಾಕಿಗಳು ಸ್ಲಾಟ್ ವಾಪಸ್ ಕೇಳ್ತಾರೆ."

"ಸ್ಲಾಟ್ ವಾಪಸ್ ಬಂದ್ರೆ?"

"ಬಾಗಿಲ ಕೆಳಗೆ ಹೋಗಲ್ಲ."

ಮುಂದಿನದನ್ನು ಊಹಿಸಲು ಮೇಡಂ ಅವರಿಗೆ ಧೈರ್ಯ ಸಾಲಲಿಲ್ಲ. ವರ್ಗಾವಣೆ ಆಗಲೇ ರದ್ದಾಯಿತು. ಬೆಸುಗೆ ತಂತಿಗೆ ಬೇರೆ ಜಾಗ ಹುಡುಕಲಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಆದೇಶ ಹೊರಬಿತ್ತು.

"ನೆಲಮಹಡಿಯ ಉದ್ಯೋಗಿ ಹಾಗೂ ಸದರಿ ಉದ್ಯೋಗಿಯ ಮಗುವನ್ನು ಇನ್ನು ಮುಂದೆ ಒಂದೇ ಘಟಕವೆಂದು ಪರಿಗಣಿಸತಕ್ಕದ್ದು. ಘಟಕವನ್ನು ಬಿಚ್ಚುವುದು, ಬೇರ್ಪಡಿಸುವುದು ನಿಷಿದ್ಧ. ಘಟಕಕ್ಕೆ ಹೊಸದಾಗಿ ಸ್ಥಾಪಿಸಲಾದ ಮರೆವು ಸಲಹಾ ವಿಭಾಗದ ಹೊಣೆ ವಹಿಸಲಾಗಿದೆ. ಮೆಮೊರಿಗೆ ಅನ್ವಯಿಸುವ ಎಲ್ಲ ನಿಯಮಗಳೂ ಘಟಕಕ್ಕೆ ಅನ್ವಯಿಸತಕ್ಕದ್ದು. ಆದ್ದರಿಂದ ಮಕ್ಕಳ ಒಟ್ಟು ಪ್ರಮಾಣವನ್ನು ಆರಂಭದಲ್ಲಿಯೇ ನಿಗದಿಪಡಿಸತಕ್ಕದ್ದು. ಅನಂತರ ಏರಿಸಲು ಅವಕಾಶವಿರುವುದಿಲ್ಲ."

ಸ್ಲಾಟಕ್ಕ ಕೊನೆಯ ಭಾಗವನ್ನು ಮತ್ತೊಮ್ಮೆ ಓದಿದಳು. "ಅಂದ್ರೆ ಏನು ಮೇಡಂ?"

"ಎಷ್ಟು ಮಕ್ಕಳು ಬೇಕು ಅಂತ ಈಗ್ಲೇ ಹೇಳಿಬಿಡಿ. ಆಮೇಲೆ ಇನ್ನೊಂದು ಆಯ್ತು ಅಂತ ಬಂದ್ರೆ ಕೋಣೇಲಿ ಜಾಗ ಇರಲ್ಲ."

"ಇರೋದು ಒಂದು. ಮುಂದಿನದು ನಂಗೇನು ಗೊತ್ತು?"

"ಗಿರಾಕಿಗಳಿಗೂ ಮುಂದಿನದು ಗೊತ್ತಿರಲ್ಲ. ಆದ್ರೂ ಹೇಳ್ತಾರೆ. ನಾಳೆ ತಿಳಿಸಿ. ಒಂದು, ಎರಡು, ನಾಲ್ಕು, ಎಂಟು. ಮೂರು ಬರಲ್ಲ."

"ಮೂರು ಯಾಕೆ ಬರಲ್ಲ?"

"ಮೆಮೊರಿ ಹಾಗೇ ಬರೋದು," ಎಂದರು ಮೇಡಂ. ಅವರಿಗೂ ಕಾರಣ ಗೊತ್ತಿರಲಿಲ್ಲ.

ಅಂದೇ ಮರೆವು ಸಲಹಾ ವಿಭಾಗ ಕೆಲಸ ಶುರುಮಾಡಿತು. ಮೆಮೊರಿ ಸಾಲದೆ ಯಂತ್ರ ನಿಂತುಹೋದ ಗಿರಾಕಿಗಳು ಫೋನ್ ಮಾಡಿದರೆ ಏನನ್ನು ಮುಚ್ಚಬೇಕು, ಏನನ್ನು ಮರೆಯಬೇಕು ಎಂದು ಹೇಳುವುದೇ ಕೆಲಸ. ಮೊದಲ ಫೋನ್ ಬೆಸುಗೆಯ ಹೊಸ ಯಂತ್ರವನ್ನು ಅಂದು ಬೆಳಿಗ್ಗೆಯಷ್ಟೇ ಕೊಂಡಿದ್ದ ಸೇತುವೆಯ ಎಂಜಿನಿಯರೊಬ್ಬರದು.

"ಪೂರ್ತಿ ಸೇತುವೆ ತೆರೆದ್ರೆ ಯಂತ್ರ ಕಲ್ಲಾಗಿ ಕೂರುತ್ತೆ ಅಮ್ಮ."

"ಅರ್ಧ ತೆರೀರಿ ಸರ್."

"ಅರ್ಧ ಸೇತುವೆನಾ?"

"ಈ ದಡದ್ದು ಮೊದಲು ಮಾಡಿ. ಅದನ್ನ ಮುಚ್ಚಿ. ಆಮೇಲೆ ಆ ದಡದ್ದು."

"ನಡುವೆ ಸೇರಬೇಕಲ್ಲಮ್ಮ!"

"ಸೇರೋದನ್ನ ನೆನಪಿಟ್ಕೊಳ್ಳೋಕೆ ಜಾಗ ಇಲ್ಲ ಸರ್."

ಆ ಕಡೆ ದೊಡ್ಡ ನಿಟ್ಟುಸಿರು. "ತೊಗೊಳ್ಳೋವಾಗ ಜುಗ್ಗತನ ಮಾಡ್ಬಿಟ್ಟೆ ತಾಯಿ. ಹೆಂಡತಿ ಹೇಳಿದ್ಲು, ಒಂದೇ ಸಲ ಹೆಚ್ಚಿಗೆ ತೊಗೊಳ್ಳಿ ಅಂತ. ಕೇಳ್ಲಿಲ್ಲ. ಈಗ ಅನುಭವಿಸ್ತಿದ್ದೀನಿ. ನೀವು ಯಾರಿಗಾದ್ರೂ ಹೇಳೋ ಹಾಗಿದ್ರೆ ಹೇಳಿ, ಬೇಕಾದ್ದರ ದುಪ್ಪಟ್ಟು ತೊಗೊಳ್ಳಿ ಅಂತ."

ಸ್ಲಾಟಕ್ಕನ ಕಿವಿ ನೆಟ್ಟಗಾಯಿತು. ಇದು ಅನುಭವಸ್ಥರ ಮಾತು.

ಸಂಜೆ ಮನೆಯಲ್ಲಿ ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ಎಲ್ಲ ಕೇಳಿಸಿಕೊಂಡರು.

"ಎರಡು ಅನ್ನು. ಒಂದು ಇದೆ, ಇನ್ನೊಂದು ಯಾವತ್ತೋ ಆಗುತ್ತೆ. ಸಾಕು."

"ಆ ಇನ್ನೊಂದು ಅವಳಿ ಆದ್ರೆ ಅತ್ತೆ? ಮೂರಾಗುತ್ತೆ. ಮೂರು ಬರಲ್ವಂತೆ. ಕೆಲಸ ಬಿಡಬೇಕಾಗುತ್ತೆ."

"ಹಂಗಾದ್ರೆ?"

"ನಾಲ್ಕು ಅಂತೀನಿ."

ಅತ್ತೆಯ ಕೈಯಲ್ಲಿ ಸೂಜಿ ನಿಂತಿತು. "ನನ್ನ ಮಗ ಮನೆಗೆ ಬರೋದೇ ಹಬ್ಬಕ್ಕೋ ಹುಣ್ಣಿಮೆಗೋ. ನಾಲ್ಕು ಎಲ್ಲಿಂದ ಬರುತ್ತೆ? ಹೊಟ್ಟೆನೋ ಗೋದಾಮೋ?"

"ಬರಲೇಬೇಕು ಅಂತೇನಿಲ್ಲ ಅತ್ತೆ. ಜಾಗ ಇರಬೇಕು, ಅಷ್ಟೆ. ಕಟ್ಟಿಸೋವಾಗ ಒಂದು ಕೋಣೆ ಹೆಚ್ಚಿಗೆ ಹಾಕ್ಸೋದಿಲ್ವಾ, ಹಾಗೆ."

"ಕಂಪನಿ ಒಪ್ಪುತ್ತಾ?"

"ಕೇಳ್ತಿರೋದೇ ಅವರು."

ಅತ್ತೆ ದಾರ ಕಚ್ಚಿ ತುಂಡರಿಸಿದರು. "ಹಂಗಾದ್ರೆ ಎಂಟೇ ಹೇಳು. ಪುಕ್ಕಟೆ ಸಿಗೋವಾಗ ಯಾಕೆ ಬಿಡ್ಬೇಕು?"

ಸ್ಲಾಟಕ್ಕ ನಾಲ್ಕಕ್ಕೇ ನಿಂತಳು. ಎಂಟು ಅಂದರೆ ಜನ ಏನಂದುಕೊಂಡಾರು ಎಂಬ ಸಂಕೋಚ.

ಮಾರನೆಯ ವಾರ ಮಕ್ಕಳ ಕೋಣೆಯ ಗೋಡೆಗೆ ಕಬ್ಬಿಣದ ನಾಲ್ಕು ತೊಟ್ಟಿಲುಗಳನ್ನು ವೆಲ್ಡಿಂಗ್ ಮಾಡಿ ಕೂರಿಸಿದರು. ಮುಂದೆ ಕಳಚುವಂತಿಲ್ಲ, ಸೇರಿಸುವಂತಿಲ್ಲ. ಮೊದಲನೆಯದರಲ್ಲಿ ಪುಟ್ಟಿಯನ್ನು ಮಲಗಿಸಿದರು. ಎರಡು ವರ್ಷದವಳ ಕಾಲು ಹೊರಗೇ ಉಳಿಯಿತು. ಉಳಿದ ಮೂರಕ್ಕೂ ಹಾಸಿಗೆ, ಹೊದಿಕೆ, ಗಿಲಕಿ ಬಂದವು. ವಿಷಯ ಕೇಳಿ ನೋಡಲು ಬಂದ ಅತ್ತೆ, "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಕೇಳಿದ್ದೆ. ತೊಟ್ಟಿಲನ್ನೇ ಗೋಡೆಗೆ ಬೆಸೆದಿದ್ದು ಇವತ್ತೇ ನೋಡಿದ್ದು," ಎಂದು ಮೂರನ್ನೂ ಅಲ್ಲಾಡಿಸಿ ನೋಡಿದರು. "ಗಟ್ಟಿಯಾಗೇನೋ ಇದೆ" ಎಂದು ಒಪ್ಪಿಕೊಂಡರು.

ತೊಂದರೆ ಏನೂ ಆಗಲಿಲ್ಲ. ಮಂಜೂರಾದ ಮೇಲೆ ಮಕ್ಕಳ ಹಾಜರಿ ತೆಗೆದುಕೊಳ್ಳಬೇಕಾದ್ದು ನಿಯಮ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಮೊದಮೊದಲು ಎರಡನೆಯ ತೊಟ್ಟಿಲಿನ ಮುಂದೆ ನಿಂತು ಏನು ಬರೆಯುವುದೆಂದು ಯೋಚಿಸುತ್ತಿದ್ದಳು. ಆಮೇಲೆ "ಮಲಗಿದೆ" ಎಂದು ಬರೆಯತೊಡಗಿದಳು. ಅದರಲ್ಲಿ ಸುಳ್ಳೇನಿಲ್ಲ, ಎದ್ದಿದ್ದನ್ನು ಯಾರೂ ಕಂಡಿರಲಿಲ್ಲ. ಹೊರಗಿನಿಂದ ಗಿರಾಕಿಗಳು ಬಂದರೆ ವಿನ್ಯಾಸ ಮುಖ್ಯಸ್ಥರು ಅವರನ್ನು ತುದಿಗಾಲಲ್ಲಿ ಕೋಣೆಗೆ ಕರೆತಂದು, "ಇದೇ ನಮ್ಮ ಸಿದ್ಧಾಂತ" ಎಂದು ಪಿಸುಗುಟ್ಟುತ್ತಿದ್ದರು. ಗಿರಾಕಿಗಳು ಖಾಲಿ ತೊಟ್ಟಿಲುಗಳನ್ನು ನೋಡಿ, ದೂರದೃಷ್ಟಿಯನ್ನು ಮೆಚ್ಚಿ, ಹೊರಗೆ ಹೋಗಿ ಬೇಕಾದ್ದರ ದುಪ್ಪಟ್ಟು ಮೆಮೊರಿಯ ಯಂತ್ರ ಕೊಳ್ಳುತ್ತಿದ್ದರು. ಮಾರಾಟ ಏರಿತು. ಸಿಬ್ಬಂದಿ ಅಧಿಕಾರಿ ಮೇಡಂ ಕೂಡ, ತಮಗೆ ಮದುವೆ ಆಗಿಲ್ಲದಿದ್ದರೂ, ಎರಡು ತೊಟ್ಟಿಲಿಗೆ ಹೇಳಿಟ್ಟರು.

ವರ್ಷದ ಕೊನೆಗೆ ಮೇಡಂ ತಪಾಸಣೆಗೆ ಬಂದರು. ಸ್ಲಾಟಕ್ಕ ಒಂದು ಕಿವಿಯಲ್ಲಿ ಫೋನ್ ಹಿಡಿದು ಯಾರಿಗೋ ಅರ್ಧ ಆಸ್ಪತ್ರೆ ಮುಚ್ಚಲು ಹೇಳುತ್ತಿದ್ದಳು. ಪುಟ್ಟಿ ಮೇಜಿನ ಮೇಲೆ ಕೂತು ಬಿಸ್ಕತ್ತು ಮುರಿಯುತ್ತಿದ್ದಳು. ಮೇಡಂ ತೊಟ್ಟಿಲುಗಳ ಮುಂದೆ ಒಂದೊಂದಾಗಿ ನಿಂತು, ಹಾಜರಿ ನೋಡಿ, ಹುಬ್ಬು ಗಂಟಿಕ್ಕಿದರು.

"ಎರಡನೇದು ಸರಿ, ನಾಲ್ಕನೇದೂ ಸರಿ. ಈ ಮೂರನೇದರ ಬಗ್ಗೆ ಸ್ವಲ್ಪ ಗಮನ ಕೊಡಿ ಸ್ಲಾಟಕ್ಕ. ವರ್ಷ ಆಗ್ತಾ ಬಂತು, ಇನ್ನೂ ಒಂದು ಮಾತೂ ಆಡಿಲ್ಲ."

ಸ್ಲಾಟಕ್ಕ ಫೋನನ್ನು ಎದೆಗೆ ಒತ್ತಿಕೊಂಡು, ಎದ್ದು ಬಂದು, ಮೂರನೆಯ ತೊಟ್ಟಿಲಿನ ಹೊದಿಕೆಯನ್ನು ಸರಿಮಾಡಿದಳು.

"ಮೆಲ್ಲಗೆ ಮಾತಾಡಿ ಮೇಡಂ," ಎಂದಳು. "ಇದೊಂದು ಸ್ವಲ್ಪ ಸೂಕ್ಷ್ಮ. ಅದರ ಅಪ್ಪನ ಹಾಗೆ."