ಒಂಟಿಗೈ ಮಾಂತ್ರಿಕ

ಡೋಲು ಇಳಿಸುವಾಗ ಕಪಾಟಿನ ಬಾಗಿಲು ಪಟ್ಟನೆ ಮುಚ್ಚಿಕೊಂಡು ಡೋಲಣ್ಣನ ಬಲಗೈ ಬೆರಳುಗಳನ್ನು ಕಚ್ಚಿತು. "ಅಯ್ಯಯ್ಯೋ!" ಎಂಬ ಕೂಗಿಗೆ ಇಡೀ ಕಟ್ಟಡ ಎದ್ದು ಕುಳಿತಿತು.

ಡೋಲಣ್ಣ ಎಂಬುದು ನೆರೆಯವರು ಇಟ್ಟ ಹೆಸರು. ಚರ್ಮ ಬಿಗಿದ ಯಾವ ವಾದ್ಯ ಕೊಟ್ಟರೂ ಅದರ ಬಾಯಿ ಬಿಡಿಸುವ ಆಸಾಮಿ ಆತ. ಶಾಸ್ತ್ರೀಯ ಗಾಯಕರಿಗೆ ತಬಲಾ, ಜಾಸ್ ತಂಡಕ್ಕೆ ಡ್ರಮ್ಸ್, ಮದುವೆ ಮೆರವಣಿಗೆಗೆ ಡೋಲು. ಭಾಷೆ ಬಾರದ ದೇಶಗಳಲ್ಲೂ ಬೆರಳಿನಲ್ಲೇ ಹರಟೆ ಹೊಡೆದು ಬಂದವನು. ಅಂದು ಸಂಜೆ ವಿದೇಶಿ ವಾದಕರ ತಂಡದೊಡನೆ ಅವನ ಕಾರ್ಯಕ್ರಮ. ಮೆಚ್ಚಿದರೆ ವರ್ಷವಿಡೀ ಅವರ ಜತೆ ಪ್ರವಾಸ.

ಮೊದಲು ಓಡಿಬಂದವರು ಮೇಲ್ಮನೆಯ ನಿವೃತ್ತ ಕಾಂಪೌಂಡರ್.

"ಅಲ್ಲಾಡಿಸ್ಬೇಡಿ! ಮೂಳೆ ಹೋಗಿದೆ."

"ಬರೀ ಕೆಂಪಾಗಿದೆ ಸಾರ್."

"ಕಾಂಪೌಂಡರ್ ನಾನೋ ನೀವೋ?"

ಅವರು ಸುತ್ತಿದ ಬ್ಯಾಂಡೇಜು ಎದುರುಮನೆ ಟೈಲರಿಗೆ ಸಡಿಲವಾಗಿ ಕಂಡಿತು. ಟೈಲರ್ ಮೇಲೊಂದು ಪದರ ಸುತ್ತಿ ಹೊಲಿದೇಬಿಟ್ಟರು. "ಭಾವ, ಆಧಾರ ಬೇಡ್ವಾ?" ಎನ್ನುತ್ತ ಬಡಗಿ ಭಾವಮೈದುನ ಎರಡು ಮರದ ಪಟ್ಟಿ ಇಟ್ಟು ಬಿಗಿದ. ಮಧ್ಯಾಹ್ನದ ಹೊತ್ತಿಗೆ ಕೈ ಎಲೆಕೋಸಿನಷ್ಟಾಯಿತು.

"ಬಿಚ್ಚೇ, ನಿನ್ ದಮ್ಮಯ್ಯ!" ಎಂದು ಡೋಲಣ್ಣ ಹೆಂಡತಿಗೆ ಗೋಗರೆದ.

"ಕತ್ತರಿನೇ ಒಳಗೆ ಹೋಗ್ತಿಲ್ಲ ಕಣ್ರೀ. ನಡೀರಿ, ಹೊತ್ತಾಯ್ತು."

ವೇದಿಕೆಯಲ್ಲಿ ಡೋಲಣ್ಣನ ಎದೆಯೇ ಮೊದಲು ಬಡಿದುಕೊಂಡಿತು. ಆಮೇಲೆ ಎಡಗೈ ಹೊರಟಿತು. ಐದು ಬೆರಳು ಹತ್ತರ ಕೆಲಸ ಮಾಡಿದವು. ಮೊಣಕೈ ಒತ್ತಿ ಸ್ವರ ಏರಿಸಿದ, ಹಿಮ್ಮಡಿಯಿಂದ ವೇದಿಕೆಯ ಹಲಗೆ ಗುದ್ದಿ ತಾಳ ಕಟ್ಟಿದ. ಕಡೆಗೆ ಎಲೆಕೋಸನ್ನೇ ಎತ್ತಿ ದೊಡ್ಡ ಡೋಲಿನ ಮೇಲೆ ಇಳಿಸಿದಾಗ ದೂರದಲ್ಲಿ ಮೋಡ ಹೊರಳಿದಂಥ ನಾದ ಬಂತು. ಜತೆಗಿದ್ದ ವಾದಕರು ನುಡಿಸುವುದನ್ನೇ ಮರೆತು ನಿಂತರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಂಡದ ನಾಯಕಿ ಕಣ್ಣೊರೆಸಿಕೊಂಡು ಅವನ ಎಡಗೈಗೆ ಮುತ್ತಿಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ರಂಗಮಂದಿರದ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ನರ್ಸಮ್ಮ ಬ್ಯಾಂಡೇಜು ಕತ್ತರಿಸಿ ನಕ್ಕಳು. "ಏನೂ ಆಗಿಲ್ವಲ್ಲ! ಕಲ್ಲು ಇದ್ದಂಗಿದೆ ಕೈ."

ಡೋಲಣ್ಣ ಖುಷಿಯಿಂದ ಹತ್ತೂ ಬೆರಳಿನಲ್ಲಿ ಅವಳ ಮೇಜು ಬಾರಿಸತೊಡಗಿದ. ಅಷ್ಟರಲ್ಲಿ ವಿದೇಶಿ ತಂಡದ ವ್ಯವಸ್ಥಾಪಕ ಏದುಸಿರು ಬಿಡುತ್ತ ನುಗ್ಗಿದ.

"ಪ್ರವಾಸ ಪಕ್ಕಾ ಸ್ವಾಮಿ! 'ಒಂಟಿಗೈ ಮಾಂತ್ರಿಕ' ಅಂತ ಎಲ್ಲಾ ಊರಿಗೂ ಪೋಸ್ಟರ್ ಕಳಿಸಾಯ್ತು... ಅಯ್ಯೋ, ಯಾಕ್ರೀ ಬಿಚ್ಚಿದ್ರಿ?"

"ಗುಣ ಆಯ್ತಲ್ಲ. ಇನ್ನು ಎರಡೂ ಕೈಲಿ ಬಾರಿಸ್ತೀನಿ!"

"ಎರಡು ಕೈಲಿ ಬಾರಿಸೋರು ಊರಿಗೊಬ್ಬರು ಇದಾರೆ. ಈಗ ನಂಗೆ ಕೈ ಕೊಡ್ಬೇಡಿ!"

ಅವನ ಬೆನ್ನ ಹಿಂದಿನಿಂದ ಕಾಂಪೌಂಡರ್ ಇಣುಕಿದರು. ಕಂಕುಳಲ್ಲಿ ಬ್ಯಾಂಡೇಜಿನ ಸುರುಳಿಗಳ ರಾಶಿ, ಮುಖದಲ್ಲಿ ಹೊಸ ಕೆಲಸ ಸಿಕ್ಕವರ ಕಳೆ.

"ಪ್ರವಾಸ ಪೂರ್ತಿ ನಾನೂ ನಿಮ್ ಜೊತೆಗೇ. ಎಲ್ಲಿ, ಕೈ ಕೊಡಿ."